ಮಾದಪ್ಪನ ಹುಲಿಗೆ ಬೆಕ್ಕಿನ ಕಣ್ಣು

ಬೆಕ್ಕಿನ ಚಿತ್ರ ಬರೆಯಬೇಕೆಂದು ಕೂತವರಿಗೆ ಮೊದಲ ತೊಡಕು ಬೆಕ್ಕೇ. ನಾಯಿಗೆ ಕೂರು ಅಂದರೆ ಕೂರುತ್ತದೆ. ಹಸು ಮೆಲುಕು ಹಾಕುತ್ತ ಅರ್ಧ ದಿನ ಒಂದೇ ಮಗ್ಗುಲಲ್ಲಿ ಮಲಗಿರುತ್ತದೆ. ಎಮ್ಮೆಯಂತೂ ಕೆರೆಗಿಳಿದು ಮುಳುಗಿ, ಬರೆಯುವವನಿಗೆ ತಲೆ ಕೊಂಬು ಬಿಟ್ಟರೆ ಮಿಕ್ಕ ಕೆಲಸವನ್ನೇ ಉಳಿಸಿಕೊಡುತ್ತದೆ. ಬೆಕ್ಕು ಹಾಗಲ್ಲ. ಯಾರೂ ನೋಡದಿದ್ದಾಗ ಜಗಲಿಯ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಪೆನ್ಸಿಲ್ಲು ಕೈಗೆತ್ತಿಕೊಂಡಿರೋ, ಎದ್ದು, ಬೆನ್ನು ಬಾಗಿಸಿ ಮೈಮುರಿದು, ನಿಧಾನಕ್ಕೆ ಬಂದು ನಿಮ್ಮ ಹಾಳೆಯ ಮೇಲೆಯೇ ಮಲಗುತ್ತದೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಬೆಕ್ಕಿನ ಚಿತ್ರ ಬರೆಯಲು ಹೇಳಿದರೆ ಎಲ್ಲರೂ ಒಂದೇ ಉಪಾಯ ಮಾಡುತ್ತಿದ್ದರು: ಒಂದು ದೊಡ್ಡ ಸೊನ್ನೆ, ಅದರ ಮೇಲೊಂದು ಚಿಕ್ಕ ಸೊನ್ನೆ, ಎರಡು ಕಿವಿ, ಒಂದು ಬಾಲ. ಅಂದರೆ ಬೆನ್ನು ತಿರುಗಿಸಿ ಕೂತ ಬೆಕ್ಕು. ಮುಖ ಬರೆಯುವ ಗೋಜೇ ಇಲ್ಲ. ಮೇಷ್ಟರಾಗಿದ್ದ ಅಷ್ಟೂ ಕಾಲ ನಾನು ಅದಕ್ಕೆ ಪೂರಾ ಮಾರ್ಕ್ಸು ಕೊಟ್ಟಿದ್ದೇನೆ. ಬೆಕ್ಕಿನ ಸ್ವಭಾವ ಆ ಬೆನ್ನಿನಲ್ಲೇ ಇದೆಯಲ್ಲ.

ಹುಣಸೂರು ತಾಲ್ಲೂಕಿನ ನಮ್ಮ ಗಾವಡಗೆರೆ ಹೋಬಳಿಯಲ್ಲಿ ಬೆಕ್ಕಿಗೆ ಬರವೇನೂ ಇಲ್ಲ. ಊರಿಗೆ ಹೆಸರು ತಂದಿರುವುದು ಗುರುಲಿಂಗ ಜಂಗಮ ದೇವರ ಮಠ. ಊರಿಗೆ ಕಾಸು ತರುವುದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಲ್ಲಿ ಎತ್ತ ನೋಡಿದರೂ ಒಂದು ಬ್ಯಾರನ್ ಕಾಣುತ್ತದೆ: ಕಿಟಕಿಯಿಲ್ಲದ ಎತ್ತರದ ಗೋಡೆ, ಒಳಗೆ ಅಟ್ಟ ಅಟ್ಟವಾಗಿ ಕಡ್ಡಿಗೆ ಕಟ್ಟಿ ಇಳಿಬಿಟ್ಟ ಸೊಪ್ಪು, ನೆಲದಲ್ಲಿ ಕಬ್ಬಿಣದ ಕೊಳವೆ, ಹೊರಗೆ ಸೌದೆ ತಳ್ಳುವ ಒಲೆ. ಮಳೆಗಾಲದಲ್ಲಿ ಸೊಪ್ಪು ಬೇಯಿಸುವಾಗ ರಾತ್ರಿಯೆಲ್ಲ ಒಬ್ಬರು ಎದ್ದಿರಲೇಬೇಕು. ಕಾವು ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಆ ಹೊತ್ತಿನಲ್ಲಿ ಬೆಚ್ಚಗಿನ ಗೋಡೆಗೆ ಆತು ನಿದ್ದೆ ಹೊಡೆಯುವ ಹಕ್ಕು ಇರುವ ಒಂದೇ ಪ್ರಾಣಿ ಬೆಕ್ಕು. ರಾಗಿ ಮೂಟೆಯ ಇಲಿ ಹಿಡಿಯಲೆಂದು ಸಾಕಿರುತ್ತಾರೆ. ಇಲಿಗೂ ಅದಕ್ಕೂ ಅದೇನು ಒಡಂಬಡಿಕೆಯೋ, ಮಳೆಗಾಲವಿಡೀ ಅದು ಬ್ಯಾರನ್ ಬಿಟ್ಟು ಏಳುವುದಿಲ್ಲ. ಮರಿ ಹಾಕಿದರೆ ಮಾತ್ರ ಏಳು ಮನೆ ತಿರುಗಿಸುತ್ತದೆ ಅನ್ನುವುದು ನಮ್ಮ ಹೆಂಗಸರ ಲೆಕ್ಕ. ಮರಿಯ ಕತ್ತು ಕಚ್ಚಿಕೊಂಡು ಅಟ್ಟದಿಂದ ಅಟ್ಟಕ್ಕೆ, ಕೊಟ್ಟಿಗೆಯಿಂದ ಹಿತ್ತಲಿಗೆ ಸಾಗಿಸುವುದನ್ನು ನೋಡಿದವರು ಆ ಲೆಕ್ಕವನ್ನು ಪ್ರಶ್ನಿಸುವುದಿಲ್ಲ.

ಇಂಥ ಪ್ರಾಣಿಯನ್ನೇ ಹಿಡಿದು ಕೂತು, ಬಾಳೆಲ್ಲ ಅದರ ಚಿತ್ರ ಬರೆದವರೂ ಇದ್ದಾರೆ. ಇಂಗ್ಲೆಂಡಿನ ಲೂಯಿ ವೇಯ್ನ್ ಅಂಥವನು. ಹುಟ್ಟಿದ್ದು 1860ರಲ್ಲಿ. ಮನೆಯಲ್ಲಿ ತಂಗಿಯರಿಗೆ ಪಾಠ ಹೇಳಲು ಬರುತ್ತಿದ್ದ, ತನಗಿಂತ ಹತ್ತು ವರ್ಷ ದೊಡ್ಡವಳಾದ ಎಮಿಲಿಯನ್ನು ಮದುವೆಯಾದ. ಹತ್ತು ವರ್ಷದ ಅಂತರ ಅಲ್ಲಿಯೂ ಆಗ ಆಡಿಕೊಳ್ಳುವ ಸಂಗತಿಯೇ. ಮದುವೆಯಾದ ಸ್ವಲ್ಪ ಕಾಲಕ್ಕೇ ಅವಳಿಗೆ ಸ್ತನದ ಕ್ಯಾನ್ಸರ್. ಮನೆಗೆ ಬಂದು ಸೇರಿಕೊಂಡ ಒಂದು ಬೀದಿಮರಿ, ಕಪ್ಪು ಬಿಳುಪಿನದು, ಪೀಟರ್ ಅಂತ ಹೆಸರಿಟ್ಟರು, ಅವಳ ಹಾಸಿಗೆಯ ಮೇಲೆ ಆಡುತ್ತಿತ್ತು. ಅವಳನ್ನು ನಗಿಸಲೆಂದು ಗಂಡ ಅದರ ಚಿತ್ರ ಬರೆಯತೊಡಗಿದ. ಇವನ್ನು ಪತ್ರಿಕೆಗೆ ಕೊಡಿ ಎಂದು ಒತ್ತಾಯಿಸಿದವಳು ಅವಳೇ. 1886ರ ಕ್ರಿಸ್‌ಮಸ್‌ಗೆ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬೆಕ್ಕಿನ ಮರಿಗಳ ಹಬ್ಬದೂಟದ ಚಿತ್ರ ಬಂತು. ನೂರೈವತ್ತು ಬೆಕ್ಕು. ಕಾಗದ ಬರೆಯುವವು, ಆಟ ಆಡುವವು, ಭಾಷಣ ಮಾಡುವವು. ಮಾರನೇ ವರ್ಷ ಎಮಿಲಿ ತೀರಿಕೊಂಡಳು.

ಆಮೇಲೆ ವೇಯ್ನ್‌ನ ಬೆಕ್ಕುಗಳು ಎದ್ದು ಎರಡು ಕಾಲಿನ ಮೇಲೆ ನಿಂತವು. ಕೋಟು ಹಾಕಿಕೊಂಡವು, ಚಹಾ ಕುಡಿದವು, ಇಸ್ಪೀಟು ಆಡಿದವು, ಮೀನು ಹಿಡಿಯಲು ಗಾಳ ಹಾಕಿ ಕೂತವು. ಇಂಗ್ಲೆಂಡಿನ ಮಕ್ಕಳ ಪುಸ್ತಕ, ಪೋಸ್ಟ್‌ಕಾರ್ಡು ಎಲ್ಲ ಅವನ ಬೆಕ್ಕಿನಿಂದ ತುಂಬಿಹೋದವು. ದುಡ್ಡು ಮಾತ್ರ ತುಂಬಲಿಲ್ಲ. ಹಕ್ಕು ಇಟ್ಟುಕೊಳ್ಳದೆ ಚಿತ್ರವನ್ನು ಒಂದೇ ಸಲಕ್ಕೆ ಮಾರಿಬಿಡುತ್ತಿದ್ದ; ಅದನ್ನು ಎಷ್ಟು ಸಲ ಅಚ್ಚು ಹಾಕಿದರೂ ಅವನಿಗೆ ಬಿಡಿಗಾಸು ಬರುತ್ತಿರಲಿಲ್ಲ. ತಾಯಿ, ಐವರು ತಂಗಿಯರ ಸಂಸಾರ ಬೇರೆ. 1924ರಲ್ಲಿ ಬುದ್ಧಿ ಕೆಟ್ಟಿದೆ ಎಂದು ಬಡವರ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನನ್ನು ಯಾರೋ ಗುರುತಿಸಿದ ಮೇಲೆ ಎಚ್.ಜಿ. ವೆಲ್ಸ್‌ನಂಥವರು ಜನರಲ್ಲಿ ಸಹಾಯ ಬೇಡಿದರು, ಹಿಂದೆ ಪ್ರಧಾನಿಯಾಗಿದ್ದ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಕೂಡ ಕೈ ಹಾಕಿದರು. ಕೊನೆಗೆ ತೋಟ ಇರುವ, ಬೆಕ್ಕುಗಳೂ ಇರುವ ಒಂದು ಆಸ್ಪತ್ರೆಯಲ್ಲಿ 1939ರಲ್ಲಿ ಸತ್ತ.

ಅವನ ಕತೆಗೆ ಒಂದು ಬಾಲವಿದೆ. ಬಣ್ಣ ಬಣ್ಣದ ರಂಗೋಲಿಯ ಹಾಗೆ ಒಡೆದು ಚೆಲ್ಲಿದ ಕೆಲವು ಬೆಕ್ಕುಗಳನ್ನೂ ಅವನು ಬರೆದಿದ್ದ. ಒಬ್ಬ ಮನೋವೈದ್ಯರು ಅವನ್ನು ಕೊಂಡು, ಸೌಮ್ಯವಾದ ಬೆಕ್ಕು ಮೊದಲು, ಕೆರಳಿದ್ದು ಆಮೇಲೆ, ಚೂರುಚೂರಾದದ್ದು ಕೊನೆಗೆ ಎಂದು ಜೋಡಿಸಿ, ಹುಚ್ಚು ಹೀಗೆ ಹೆಜ್ಜೆ ಹೆಜ್ಜೆಯಾಗಿ ಏರುತ್ತದೆ ನೋಡಿ ಎಂದು ತೋರಿಸಿದರು. ಮನಶ್ಶಾಸ್ತ್ರದ ಪಠ್ಯಪುಸ್ತಕಗಳಿಗೆಲ್ಲ ಆ ಸಾಲು ಹೋಯಿತು. ಆದರೆ ಚಿತ್ರಗಳ ಮೇಲೆ ತಾರೀಖೇ ಇರಲಿಲ್ಲ! ಮಾಮೂಲಿ ಬೆಕ್ಕುಗಳನ್ನು ಅವನು ಕೊನೆಗಾಲದಲ್ಲೂ ಬರೆಯುತ್ತಲೇ ಇದ್ದ. ಬಟ್ಟೆಯ ಮೇಲಿನ ವಿನ್ಯಾಸ ಅವನ ತಾಯಿಯ ಕಸುಬು. ಆ ರಂಗು ಅಲ್ಲಿಂದ ಬಂದಿರಬಾರದೇಕೆ? ಬಿಡಿ ಹಾಳೆಗಳನ್ನು ನಮಗೆ ಬೇಕಾದಂತೆ ಜೋಡಿಸಿ ಒಬ್ಬನ ಜಾತಕ ಓದುವುದು ವೈದ್ಯರಿಗಿರಲಿ, ಜೋಯಿಸರಿಗೂ ಸಲ್ಲದ ಕೆಲಸ.

ವೇಯ್ನ್ ಹೆಂಡತಿಗಾಗಿ ಬರೆದರೆ ಜಪಾನಿನ ಕುನಿಯೋಶಿ ಸರ್ಕಾರದ ಕಾಟಕ್ಕೆ ಬರೆದ. ಈಗ ಟೋಕಿಯೋ ಅನ್ನುವ ಎದೋ ಪಟ್ಟಣದಲ್ಲಿ ಮರದ ಅಚ್ಚಿನ ಚಿತ್ರಗಳ ದೊಡ್ಡ ಕಲಾವಿದ ಅವನು, 1861ರಲ್ಲಿ ತೀರಿಕೊಂಡ. ಮನೆ ತುಂಬ ಬೆಕ್ಕು. ಕೆಲಸ ಮಾಡುವಾಗಲೂ ನಿಲುವಂಗಿಯ ಮಡಿಲಲ್ಲಿ ಒಂದು ಮರಿ ಇರುತ್ತಿತ್ತಂತೆ. ಸತ್ತ ಬೆಕ್ಕಿಗೆ ಹಿರಿಯರಿಗೆ ಇಡುವ ಹಾಗೆ ಹೆಸರಿನ ಹಲಗೆ ಇಟ್ಟು ಪೂಜೆ ಮಾಡಿಸುತ್ತಿದ್ದನೆಂದು ಶಿಷ್ಯರು ಹೇಳಿಕೊಂಡು ಬಂದಿದ್ದಾರೆ. 1842ರಲ್ಲಿ ಸರ್ಕಾರ ಜನ ದುಂದು ಮಾಡುತ್ತಿದ್ದಾರೆಂದು ನಾಟಕದ ನಟರ ಚಿತ್ರ, ಸೂಳೆಯರ ಚಿತ್ರ ಯಾವುದನ್ನೂ ಅಚ್ಚು ಹಾಕಕೂಡದೆಂದು ಕಟ್ಟು ಮಾಡಿತು. ಚಿತ್ರಗಾರರ ಅನ್ನಕ್ಕೇ ಕಲ್ಲು ಬಿತ್ತು. ಕುನಿಯೋಶಿ ಏನು ಮಾಡಿದ? ಬೆಕ್ಕು ಬರೆದ. ಬೆಕ್ಕು ಬರೆಯಬಾರದೆಂದು ಕಾನೂನಿನಲ್ಲಿ ಇರಲಿಲ್ಲವಲ್ಲ. ಬೆಕ್ಕಿನ ಮುಖಕ್ಕೆ ಊರೆಲ್ಲ ಬಲ್ಲ ನಟನ ಹುಬ್ಬು, ಮೂಗು, ನಿಲುವು ಕೊಟ್ಟ. ನೋಡಿದ ಜನ ಇವನು ಇಂಥವನೇ ಎಂದು ಗುರುತು ಹಿಡಿದು ಕೊಂಡುಕೊಂಡರು. ಅಧಿಕಾರಿಗಳೂ ಗುರುತು ಹಿಡಿದೇ ಇರುತ್ತಾರೆ. ಬೆಕ್ಕಿನ ಮೇಲೆ ಕೇಸು ಹಾಕುವುದು ಹೇಗೆ?

ನಮ್ಮ ದೇಶದ ಬೆಕ್ಕಿಗೆ ಮಾತ್ರ ಕೆಟ್ಟ ಹೆಸರು. ಕಲ್ಕತ್ತಾದ ಕಾಳಿಘಾಟ್ ಗುಡಿಯ ಬೀದಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಪಟದವರು ಕೂತು, ಯಾತ್ರಿಕರಿಗೆ ಕಾಗದದ ಮೇಲೆ ದೇವರ ಚಿತ್ರ ಬರೆದು ಕಾಸಿಗೊಂದರಂತೆ ಮಾರುತ್ತಿದ್ದರು. ದೇವರ ಜೊತೆಗೆ ಒಂದು ಬೆಕ್ಕು ಕೂಡ ಬಲು ಖರ್ಚಾಗುತ್ತಿತ್ತು. ಗುಂಡು ಮೈ, ಅಗಲ ಕಣ್ಣು, ಹಣೆಗೆ ವೈಷ್ಣವರ ನಾಮ, ಬಾಯಲ್ಲಿ ದೊಡ್ಡದೊಂದು ಸೀಗಡಿ. ಇಷ್ಟೇ ಚಿತ್ರ. ಪಕ್ಕದಲ್ಲಿ ಬರಹ ಬೇಡ, ಅರ್ಥ ಹೇಳುವ ಮೇಷ್ಟ್ರು ಬೇಡ. ಜಾಮಿನಿ ರಾಯರು ಇಪ್ಪತ್ತನೇ ಶತಮಾನದಲ್ಲಿ ಅದೇ ಬೆಕ್ಕನ್ನು ಎತ್ತಿ ತಮ್ಮ ದಪ್ಪ ಗೆರೆಯಲ್ಲಿ ಕೂರಿಸಿದರು. ಕಳ್ಳ ಸನ್ಯಾಸಿಯ ಪಾತ್ರಕ್ಕೆ ಬೆಕ್ಕನ್ನು ಹಿಡಿದವರು ಬಂಗಾಳಿಗಳೇ ಮೊದಲಲ್ಲ. ಮಹಾಭಾರತದಲ್ಲಿ ದುರ್ಯೋಧನ ಪಾಂಡವರಿಗೆ ಹೇಳಿ ಕಳಿಸುವ ಚುಚ್ಚುಮಾತಿನಲ್ಲಿ ತಪಸ್ಸಿಗೆ ನಿಂತು ಇಲಿಗಳನ್ನು ನುಂಗಿದ ಬೆಕ್ಕಿನ ಕತೆ ಬರುತ್ತದೆ. ಮಹಾಬಲಿಪುರದ ಬಂಡೆಯ ಮೇಲೆ ಏಳನೇ ಶತಮಾನದ ಪಲ್ಲವ ಶಿಲ್ಪಿಗಳು ಅದನ್ನು ಕಡೆದೇ ಬಿಟ್ಟಿದ್ದಾರೆ: ಮೇಲೆ ಒಬ್ಬ ತಪಸ್ವಿ ಕೈಯೆತ್ತಿ ಒಂಟಿಕಾಲಲ್ಲಿ ನಿಂತಿದ್ದರೆ, ಕೆಳಗಡೆ ಬೆಕ್ಕೊಂದು ಅದೇ ಠೀವಿಯಲ್ಲಿ ಮುಂಗಾಲೆರಡನ್ನೂ ತಲೆಯ ಮೇಲೆ ಎತ್ತಿ ನಿಂತಿದೆ. ಹೊಟ್ಟೆ ಹತ್ತಿ ಪಕ್ಕೆಲುಬು ಕಾಣುತ್ತಿದೆ. ಸುತ್ತ ಇಲಿಗಳು ಭಕ್ತಿಯಿಂದ ನೆರೆದಿವೆ. ಅಷ್ಟು ದೊಡ್ಡ ದೇವಲೋಕದ ಶಿಲ್ಪದಲ್ಲಿ ಈ ಪೋಲಿ ಬೆಕ್ಕಿಗೆ ಜಾಗ ಕೊಟ್ಟ ಉಳಿಯವನಿಗೆ ನನ್ನ ನಮಸ್ಕಾರ.

ಇವರೆಲ್ಲರ ಬೆಕ್ಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ನನ್ನದೊಂದು ತಕರಾರಿದೆ. ಬೆಕ್ಕನ್ನು ಯಾರೂ ಬರೆದಿಲ್ಲ. ವೇಯ್ನ್ ಬರೆದದ್ದು ಚಹಾ ಕುಡಿಯುವ ಇಂಗ್ಲಿಷರನ್ನು, ಕುನಿಯೋಶಿ ಬರೆದದ್ದು ನಾಟಕದ ನಟರನ್ನು, ಕಾಳಿಘಾಟಿನವರು ಬರೆದದ್ದು ನಾಮ ಹಾಕಿ ಸೀಗಡಿ ತಿನ್ನುವ ದೊಡ್ಡ ಮನುಷ್ಯರನ್ನು. ಬೆಕ್ಕು ಬರೀ ವೇಷ. ಅದಕ್ಕೆ ಕೋಟು ಬೇಕಿರಲಿಲ್ಲ, ನಾಮವೂ ಬೇಕಿರಲಿಲ್ಲ. ಪ್ರಾಣಿಯನ್ನು ಪ್ರಾಣಿಯಾಗಿಯೇ ಬಿಟ್ಟು ಅದರಲ್ಲೇ ವಿನೋದ ಕಂಡವರು ನಮ್ಮ ಮೈಸೂರಿನವರೇ ಒಬ್ಬರಿದ್ದರು: ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ‘ರಾಶಿ’ಯವರ ‘ಕೊರವಂಜಿ’ಗೆ ಚಿತ್ರ ಬರೆದು, ಬೊಂಬಾಯಿಗೆ ಹೋಗಿ ದೇಶಕ್ಕೆಲ್ಲ ‘ಶ್ರೀಸಾಮಾನ್ಯ’ನನ್ನು ಕೊಟ್ಟವರು. ದಿನ ಬೆಳಗಾದರೆ ಮಂತ್ರಿಗಳ ಮೂಗು ಎಳೆಯುತ್ತಿದ್ದ ಈ ಮನುಷ್ಯ ಬಿಡುವಾದಾಗ ಬರೆಯುತ್ತಿದ್ದುದು ಕಾಗೆ. ಮೈಸೂರಿನ ಮನೆಯಂಗಳದಲ್ಲಿ ಹುಡುಗನಾಗಿದ್ದಾಗ ಕಂಡ ಕಾಗೆ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಆ ಕಾಗೆಗೆ ಟೋಪಿ ಇಲ್ಲ, ಕನ್ನಡಕ ಇಲ್ಲ. ಕತ್ತು ಓರೆ ಮಾಡಿ ನೋಡುವ ನೋಟದಲ್ಲೇ ಎಲ್ಲ ಇದೆ. ಅವರು ಬೆಕ್ಕಿನ ಕಡೆ ಹೊರಳಿದ್ದರೆ ನನ್ನ ತಕರಾರಿಗೆ ಜಾಗವೇ ಇರುತ್ತಿರಲಿಲ್ಲ. ಹೊರಳಲಿಲ್ಲ. ಕಾಗೆಯನ್ನು ಮೆಚ್ಚಿದವರಿಗೆ ಬೆಕ್ಕು ರುಚಿಸುವುದು ಕಷ್ಟ. ಎರಡಕ್ಕೂ ಅಡುಗೆಮನೆಯ ಕಿಟಕಿಯೇ ಬೇಕು.

ಹಾಗಾದರೆ ಬೆಕ್ಕನ್ನೇ ನಿಜವಾಗಿ ಬರೆದವರು ಯಾರು? ನನ್ನ ಉತ್ತರ ಹೋಬಳಿಯ ಒಂದು ಮಾದಪ್ಪನ ಗುಡಿಯ ಹೊರಗೋಡೆಯ ಮೇಲಿದೆ.

ನಮ್ಮ ಸೀಮೆಯಲ್ಲಿ ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಹುಲಿ ಏರಿ ಬರುತ್ತಾನೆ. ಕಂಸಾಳೆಯವರು ರಾತ್ರಿಯಿಡೀ ಹಾಡುವುದೂ ಅದನ್ನೇ, ಮನೆ ಮನೆಯ ಕ್ಯಾಲೆಂಡರಿನಲ್ಲಿ ತೂಗುವುದೂ ಅದೇ. ಅವನ ಬೆಟ್ಟದಲ್ಲಿ 2023ರಲ್ಲಿ ಅನಾವರಣವಾದ 108 ಅಡಿಯ ಮೂರ್ತಿಯೂ ಹುಲಿಯ ಮೇಲೆಯೇ ಕೂತಿದೆ. ಹೀಗಾಗಿ ಗುಡಿ ಎಷ್ಟೇ ಚಿಕ್ಕದಿರಲಿ, ಗೋಡೆಗೊಂದು ಹುಲಿ ಆಗಲೇಬೇಕು. ನಾನು ಹೇಳುವ ಹುಲಿ ನೀಲಿ ಸುಣ್ಣದ ಗೋಡೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದದ್ದು. ಮೈ ಅರಿಸಿನ ಹಳದಿ, ಪಟ್ಟೆ ಕಪ್ಪು, ನಾಲಿಗೆ ಕೆಂಪು. ದೂರದಿಂದ ಹುಲಿ. ಹತ್ತಿರ ಹೋಗಿ ನೋಡಿ. ಕಣ್ಣಿನ ಪಾಪೆ ಉದ್ದಕ್ಕೆ ಸೀಳಿದೆ. ನಿಜವಾದ ಹುಲಿಯ ಪಾಪೆ ನಮ್ಮ ನಿಮ್ಮದರ ಹಾಗೆ ದುಂಡಗೆ. ಬಿಸಿಲಿಗೆ ಸೀಳಾಗಿ ನಿಲ್ಲುವುದು ಮನೆಯ ಬೆಕ್ಕಿನದು. ಹುಲಿಯ ಕಿವಿಯ ಹಿಂಬದಿಗೆ ಒಂದೊಂದು ಬಿಳಿ ಬೊಟ್ಟು ಇರುತ್ತದೆ. ಈ ಹುಲಿ ಕತ್ತು ಹಿಂತಿರುಗಿಸಿ ಮಾದಪ್ಪನನ್ನು ನೋಡುತ್ತಿರುವುದರಿಂದ ಒಂದು ಕಿವಿಯ ಹಿಂಬದಿ ಕಾಣುತ್ತದೆ, ಅಲ್ಲಿ ಬೊಟ್ಟಿಲ್ಲ. ಬಾಲದ ತುದಿ ಮೇಲಕ್ಕೆ ಎದ್ದು ಕೊಕ್ಕೆಯಾಗಿದೆ, ಹಾಲಿನ ಲೋಟ ಕಂಡಾಗ ಆಗುವ ಹಾಗೆ. ದೇವರು ಬೆನ್ನ ಮೇಲೆ ಕೂತಿರುವಾಗಲೂ ಮುಖದಲ್ಲಿ ಅದೇ ತಾತ್ಸಾರ. ಹಣೆಯ ಮೇಲೆ ಮಾತ್ರ ಮೂರು ಅಡ್ಡ ಗೆರೆ, ಬಿಳಿಯದು. ವಿಭೂತಿ.

ಅದನ್ನು ಬರೆದ ಪೇಂಟರು ಈಗ ಮುದುಕರು. ಬ್ಯಾರನ್ ಗೋಡೆಗಳ ಮೇಲೆ ಗೊಬ್ಬರದ ಕಂಪನಿಯ ಹೆಸರು, ಚುನಾವಣೆಯಲ್ಲಿ ಕೈ, ತೆನೆ ಹೊತ್ತ ಮಹಿಳೆ, ಕಮಲ, ಗಾಡಿಗಳ ನಂಬರು, ಸ್ಕೂಲಿನ ಗೋಡೆಗೆ ಭೂಪಟ, ಎಲ್ಲ ಅವರದೇ ಕೈ. ಒಂದು ಸಂಜೆ ಟೀ ಅಂಗಡಿಯ ಮುಂದೆ ಸಿಕ್ಕಾಗ ಕೇಳಿಯೇಬಿಟ್ಟೆ.

“ಏನ್ ಯಜಮಾನ್ರೇ, ಆ ಹುಲಿ ಬರೆಯುವಾಗ ಯಾವುದನ್ನ ನೋಡಿಕೊಂಡು ಬರೆದಿರಿ?”

“ಹುಲೀನ ಎದುರ್ಗಡೆ ಕೂರುಸ್ಕೊಂಡು ಬರ್ಯಕ್ಕಾದದಾ ಮೇಷ್ಟ್ರೇ? ಮನೇಲಿ ಒಂದು ಬೆಕ್ಕಿತ್ತು. ಅದುಕ್ಕೇ ಪಟ್ಟೆ ಹಾಕ್ದಿ.”

“ಮತ್ತೆ ಹುಲಿಗೆ ವಿಭೂತಿ?”

“ಮಾದಪ್ಪನ್ನ ಹೊತ್ಕೊಂಡು ತಿರುಗ್ತದಲ್ಲ, ಅದೂ ಶರಣ್ನೇ ಅಲ್ವಾ?”

ಟೀ ಆರುತ್ತಿತ್ತು, ಅವರು ಕುಡಿದು ಎದ್ದು ಹೋದರು. ಕಾಳಿಘಾಟಿನ ಬೆಕ್ಕಿನ ಹಣೆಯ ನಾಮ ಒಂದು ಏಟು. ಇವರ ಹುಲಿಯ ಹಣೆಯ ವಿಭೂತಿ ಒಂದು ಗೌರವ. ಇವರಿಗೆ ಯಾರನ್ನೂ ಆಡಿಕೊಳ್ಳಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದು ಹುಲಿ, ಎದುರಿಗೆ ಇದ್ದದ್ದು ಬೆಕ್ಕು. ಹುಲಿಯೊಂದು ನೆಪವಾಗಿ, ವೇಷವೆಲ್ಲ ಹುಲಿಯದಾಗಿ, ಒಳಗಿನದು ಬೆಕ್ಕಾಗಿಯೇ ಉಳಿಯಿತು.

ಹುಲಿ ಕಾಣದ ಸೀಮೆ ನಮ್ಮದಲ್ಲ, ನೆನಪಿಡಿ. ಇದೇ ಹುಣಸೂರು ತಾಲ್ಲೂಕಿನ ಇನ್ನೊಂದು ಕಡೆ, ಹನಗೋಡಿನಾಚೆ, ನಾಗರಹೊಳೆ ಕಾಡು. 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ. ಕಾಡಂಚಿನ ಊರುಗಳಲ್ಲಿ ದನ ಹಿಡಿಯಿತು, ಹೊಲದಲ್ಲಿ ಹೆಜ್ಜೆ ಕಂಡಿತು ಎಂಬ ಸುದ್ದಿ ಆಗಾಗ ಇದ್ದದ್ದೇ. ಆದರೆ ಹುಲಿ ಕಂಡವನು ಅದರ ಕಣ್ಣಿನ ಪಾಪೆ ದುಂಡಗಿದೆಯೋ ಉದ್ದಕ್ಕಿದೆಯೋ ಎಂದು ನಿಂತು ನೋಡುವುದಿಲ್ಲ. ಬೇಲೂರಿನ ಶಿಲ್ಪಿಗಳನ್ನೇ ತೆಗೆದುಕೊಳ್ಳಿ; ಸಳ ಕೊಂದದ್ದು ಹುಲಿಯೆಂದು ಕತೆ, ಕಲ್ಲಿನಲ್ಲಿ ನಿಂತಿರುವುದು ಕೇಸರ ಕೆದರಿದ ಸಿಂಹದಂಥದ್ದು. ಶ್ರೀರಂಗಪಟ್ಟಣದಿಂದ 1799ರಲ್ಲಿ ಇಂಗ್ಲಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ, ಬಿಳಿಯನೊಬ್ಬನ ಮೇಲೆ ಬಿದ್ದಿರುವ, ಹಿಡಿ ತಿರುವಿದರೆ ಅವನು ಕೈಯಾಡಿಸಿ ನರಳುವಂತೆ ಮಾಡಿದ ಯಂತ್ರ, ಈಗಲೂ ಲಂಡನ್ನಿನ ವಸ್ತು ಸಂಗ್ರಹಾಲಯದಲ್ಲಿದೆ. ಅಷ್ಟು ಘೋರ ಕೆಲಸದಲ್ಲಿ ತೊಡಗಿರುವ ಆ ಹುಲಿಯ ಮುಖ ಕೂಡ ಚಿತ್ರದಲ್ಲಿ ನೋಡಿದಾಗ ನನಗೆ ಇಲಿ ಹಿಡಿದ ಬೆಕ್ಕಿನದಾಗಿಯೇ ಕಾಣುತ್ತದೆ. ಇಷ್ಟಕ್ಕೂ ಬೆಕ್ಕು ಹುಲಿಗೆ ಚಿಕ್ಕಮ್ಮನಲ್ಲವೆ? ಬೇಟೆಯ ವಿದ್ಯೆಯೆಲ್ಲ ಕಲಿಸಿ, ಮರ ಹತ್ತುವುದೊಂದನ್ನು ಮಾತ್ರ ತನಗೇ ಇಟ್ಟುಕೊಂಡ ಜಾಣೆ.

ಹುಲಿಯೇ ಇಲ್ಲದ ಜಪಾನಿನಲ್ಲಂತೂ ಇದು ದೊಡ್ಡ ಕಲೆಯೇ ಆಯಿತು. ಹದಿನೆಂಟನೇ ಶತಮಾನದ ಮರುಯಾಮ ಓಕ್ಯೋ ಹೊರದೇಶದಿಂದ ತರಿಸಿದ ಹುಲಿಚರ್ಮವನ್ನೂ ಮನೆಯ ಬೆಕ್ಕನ್ನೂ ಕೂಡಿಸಿ ಹುಲಿ ಬರೆದ. ಅವನ ಶಿಷ್ಯ ರೊಸೆತ್ಸು 1786ರಲ್ಲಿ ಒಂದು ಬೌದ್ಧ ಗುಡಿಯ ಜಾರುಬಾಗಿಲುಗಳ ಮೇಲೆ ಬರೆದ ಹುಲಿಯಿದೆ. ಬಾಗಿಲುಗಳ ಅಗಲಕ್ಕೂ ಚಾಚಿಕೊಂಡು, ಮುಂಗಾಲು ಒತ್ತೊತ್ತಾಗಿ ಇಟ್ಟು, ನೆಗೆಯಲು ಹೊಂಚುತ್ತಿದೆ. ನೋಡಿದರೆ ಎತ್ತಿಕೊಳ್ಳೋಣ ಅನ್ನಿಸುತ್ತದೆ. ಅದೇ ಬಾಗಿಲುಗಳ ಹಿಂಬದಿಯಲ್ಲಿ ಅವನು ಮೀನಿಗೆ ಹೊಂಚುವ ಬೆಕ್ಕನ್ನು ಬರೆದಿದ್ದಾನೆ. ಹಾಗಾಗಿ ಮುಂಬದಿಯದು ನೀರೊಳಗಿನ ಮೀನಿನ ಕಣ್ಣಿಗೆ ಕಂಡ ಬೆಕ್ಕು ಎಂದು ಕೆಲವರು ವಾದಿಸುತ್ತಾರೆ. ಈ ಪೈಕಿ ಯಾವುದೂ ನಮ್ಮ ಪೇಂಟರಿಗೆ ಗೊತ್ತಿಲ್ಲ. ಗೊತ್ತಾಗದೆ ಅವರೂ ಅಲ್ಲಿಗೇ ತಲುಪಿದ್ದಾರೆ.

ಈಗ ಗುಡಿಗಳಿಗೆಲ್ಲ ಜೀರ್ಣೋದ್ಧಾರದ ಕಾಲ. ಗೋಡೆಗೆ ಟೈಲ್ಸು ಬರುತ್ತದೆ, ಹುಲಿಯ ಜಾಗಕ್ಕೆ ಫ್ಲೆಕ್ಸು ಬರುತ್ತದೆ. ಮೊಬೈಲಿನಲ್ಲಿ ಹುಡುಕಿ ತೆಗೆದ ಹುಲಿ: ಕೂದಲು ಕೂದಲೂ ಕಾಣುತ್ತದೆ, ಪಾಪೆ ದುಂಡಗೇ ಇದೆ, ತಪ್ಪು ಹುಡುಕಿದರೂ ಸಿಗದು. ಒಂದೇ ಹುಲಿ ಪಿರಿಯಾಪಟ್ಟಣದಲ್ಲೂ ಇದೆ, ಸಾಲಿಗ್ರಾಮದಲ್ಲೂ ಇದೆ, ಸರಗೂರಿನಲ್ಲೂ ಇದೆ. ಕಾಳಿಘಾಟಿನ ಪಟದವರಿಗೂ ಆದದ್ದು ಇದೇ. ಕಲ್ಲಚ್ಚಿನ ಅಗ್ಗದ ಬಣ್ಣದ ಚಿತ್ರಗಳು ಬಂದವು, ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಅವರ ಬೀದಿ ಖಾಲಿಯಾಯಿತು. ಕಾಸಿಗೆ ಮಾರಿದ ಆ ನಾಮದ ಬೆಕ್ಕುಗಳು ಈಗ ಲಂಡನ್ನಿನ ಮ್ಯೂಸಿಯಮ್ಮಿನ ಗಾಜಿನ ಹಿಂದೆ ಇವೆ. ಬೀದಿಯಲ್ಲಿ ಕೊಂಡವರಲ್ಲಿ ಕೆಲವರು ಜೋಪಾನ ಮಾಡಿದ್ದಕ್ಕೆ ಅಷ್ಟಾದರೂ ಉಳಿದವು. ಕಾಗದದ ಚಿತ್ರವನ್ನು ಪೆಟ್ಟಿಗೆಯಲ್ಲಿ ಇಡಬಹುದು, ಗೋಡೆಯ ಚಿತ್ರವನ್ನು ಎಲ್ಲಿ ಇಡುವುದು?

ಆದ್ದರಿಂದ ನಮ್ಮ ಸುತ್ತಲಿನ ತಾಲ್ಲೂಕುಗಳ ಗುಡಿಗಳ ಯಜಮಾನರಲ್ಲಿ ಒಂದು ಅರಿಕೆ. ಟೈಲ್ಸು ಹಾಕಿಸಿ, ಬೇಡ ಅನ್ನುವುದಿಲ್ಲ. ಮಳೆಗೆ ಗೋಡೆ ನೆನೆಯುತ್ತದೆಂಬುದು ನನಗೂ ಗೊತ್ತು. ಹಳೆಯ ಹುಲಿ ಇರುವ ಗೋಡೆಯನ್ನು ಕಡೆಗೆ ಇಟ್ಟುಕೊಳ್ಳಿ. ಕೆರೆದು ಹಾಕಲೇಬೇಕೆಂದಾದರೆ ಅದಕ್ಕೆ ಮುಂಚೆ ನಿಮ್ಮದೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಬರೆದವರ ಹೆಸರು, ಊರು, ಇಸವಿ ಕೇಳಿ ಗುರುತು ಮಾಡಿಡಿ. ಬರೆದವರು ಇನ್ನೂ ಟೀ ಅಂಗಡಿಯ ಹತ್ತಿರ ಸಿಗುತ್ತಾರೆ.